ಚೀಲ ಸ್ಯೊಮಿತಿಯದು, ಮುಖ ಕತುಂಗೆಯದು

ಕ್ಯಾಲೋನಿ ಊರಿನ ಹೆಂಗಸರು ನಡೆಯುವಾಗಲೂ ಹೆಣೆಯುತ್ತಾರೆ. ಬೆನ್ನ ಮೇಲೆ ನೀರಿನ ಕ್ಯಾನು, ಬಾಯಲ್ಲಿ ಊರ ಸುದ್ದಿ, ಕೈಯಲ್ಲಿ ಅರ್ಧಕ್ಕೆ ಬಂದ ನಾರಿನ ಚೀಲ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಎಲ್ಲರ ಕೈಯೂ ಹಾಗೇ ಪಳಗಿರುತ್ತದೆ. ಆದರೆ ಸ್ಯೊಮಿತಿಯ ಚೀಲವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಇದು ಅವಳದ್ದೇ ಎಂದು ಹೇಳಬಹುದಿತ್ತು. ಕತ್ತಾಳೆ ನಾರನ್ನು ಅವಳು ತೊಡೆಯ ಮೇಲೆ ಹೊಸೆದರೆ ಹುರಿ ಸಣ್ಣಗೆ, ಒಂದೇ ಸಮನೆ ಬರುತ್ತಿತ್ತು. ಹೊಸೆದು ಹೊಸೆದು ಅವಳ ಬಲತೊಡೆಯ ಚರ್ಮ ಹಿಮ್ಮಡಿಯಷ್ಟು ಗಟ್ಟಿಯಾಗಿತ್ತು. ತೊಗಟೆ ಕುದಿಸಿ ಅವಳು ಹಾಕಿದ ಕಂದು ಬಣ್ಣ ಚೀಲ ಹರಿದರೂ ಮಾಸುತ್ತಿರಲಿಲ್ಲ. ಕೈ ನಯ, ನಾಲಗೆ ಒರಟು ಎಂದು ಊರವರು ಅವಳ ಬಗ್ಗೆ ಹೇಳುತ್ತಿದ್ದರು. ಎರಡೂ ನಿಜ.

ಗಂಡ ಮುಲ್ವಾ ಒಳ್ಳೆಯವನು. ಕುಡಿಯುವುದು ಕಡಿಮೆ, ಮಾತು ಇನ್ನೂ ಕಡಿಮೆ. ಮದುವೆಯಾಗಿ ಎಷ್ಟೋ ಮಳೆಗಾಲ ಕಳೆದರೂ ಮನೆಯಲ್ಲಿ ಕೂಸಿನ ಅಳು ಕೇಳಲಿಲ್ಲ. ಮಿಷನ್ ಆಸ್ಪತ್ರೆಯ ಡಾಕ್ಟರು, ಬೇರು ಕೊಡುವ ಮುದುಕ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಪಾದ್ರಿ, ಎಲ್ಲರ ಬಾಗಿಲಿಗೂ ಹೋಗಿ ಬಂದಾಯಿತು. ಕಡೆಗೊಂದು ದಿನ ಮುಲ್ವಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಹೊಲ ಉಳಿಯಿತು, ಮನೆ ಉಳಿಯಿತು, ಮೇಕೆಗಳು ಉಳಿದವು. ಅವನ ಹೆಸರು ಹೇಳುವವರು ಯಾರೂ ಉಳಿಯಲಿಲ್ಲ.

ಇಂಥ ಹೆಣ್ಣಿಗೆ ನಮ್ಮ ಕಾಂಬಾ ಜನರಲ್ಲಿ ಹಿರಿಯರು ಒಂದು ದಾರಿ ಇಟ್ಟಿದ್ದಾರೆ. ಮಗ ಹುಟ್ಟಲಿಲ್ಲವೇ? ಹುಟ್ಟಿದ್ದಾನೆಂದೇ ಇಟ್ಟುಕೊಂಡು ಅವನಿಗೆ ಹೆಣ್ಣು ತರುವುದು. ತೆರ ಕೊಟ್ಟು, ಊರಿಗೆ ಊಟ ಹಾಕಿ, ಮರ್ಯಾದೆಯಾಗಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದು. ಅವಳು ಹೆತ್ತ ಮಕ್ಕಳು ಆ ಮಗನ ಮಕ್ಕಳು, ಈ ಮನೆಯ ಮೊಮ್ಮಕ್ಕಳು. ಬಸಿರಿಗೆ ಕಾರಣ ಯಾರೆಂದು ಯಾರೂ ಕೇಳುವುದಿಲ್ಲ. ಹೋರಿ ಯಾರದಾದರೇನು, ಕರು ನಮ್ಮ ಕೊಟ್ಟಿಗೆಯದು. ಪೇಟೆಯಲ್ಲಿ ನಾಲ್ಕಕ್ಷರ ಕಲಿತವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರ ಮನೆಯ ತೊಟ್ಟಿಲು ತುಂಬಿದೆ.

ಹುಟ್ಟದ ಮಗನಿಗೆ ಸ್ಯೊಮಿತಿ ತನ್ನ ಮಾವನ ಹೆಸರನ್ನೇ ಇಟ್ಟಳು: ಮುತಿಂದಾ. ತಡವಾಗಿ ಬಂದವನು ಎಂದು ಅದರ ಅರ್ಥ. ಪಕ್ಕದ ಮನೆಯ ವಾಯುವಾ, ಸ್ಯೊಮಿತಿಯ ಜೊತೆ ಕೂತು ಹೆಣೆಯುವವಳು, ಇದನ್ನೇ ಹಿಡಿದುಕೊಂಡು ಕಾಡುತ್ತಿದ್ದಳು.

"ನಿನ್ನ ಮಗ ಹೆಸರಿಗೆ ತಕ್ಕವನು ಕಣೇ. ಇವತ್ತೂ ಊಟಕ್ಕೆ ಬರಲಿಲ್ಲ."

"ಬರದೇ ಇದ್ರೆ ಒಳ್ಳೇದೇ ಆಯ್ತು. ನಿನ್ನ ಮಗ ದಿನಾ ಬಂದು ಮಡಕೆ ನೆಕ್ಕಿ ಹೋಗ್ತಾನಲ್ಲ, ಅದಕ್ಕಿಂತ ವಾಸಿ" ಎಂದು ಸ್ಯೊಮಿತಿ ಕೈ ನಿಲ್ಲಿಸದೆ ಹೇಳುತ್ತಿದ್ದಳು.

ಮರಳು ಹೊಳೆಯ ಆಚೆಯ ಊರಿನಿಂದ ಅವಳು ತಂದ ಸೊಸೆ ಕತುಂಗೆ. ಅಪ್ಪ ಅಮ್ಮ ಇಲ್ಲದ ಹುಡುಗಿ, ಚಿಕ್ಕಪ್ಪ ಕಿಮೆಯು ಸಾಕಿದವಳು. ಸ್ಯೊಮಿತಿ ಮೇಕೆಗಳನ್ನು ತಾನೇ ಹೊಡೆದುಕೊಂಡು ಹೋಗಿ ಅವನ ಅಂಗಳದಲ್ಲಿ ಕಟ್ಟಿ ಬಂದಿದ್ದಳು. ಬಂದ ಮೊದಲ ವರ್ಷ ಅತ್ತೆ ಸೊಸೆ ಉಪ್ಪಿಗೂ ಹೊಗೆಗೂ ಜಗಳವಾಡಿದರು. ಆಮೇಲೆ ಒಗ್ಗಿಕೊಂಡರು. ಕತುಂಗೆ ಚುರುಕು, ನಗು ಬೇಗ, ಸಿಟ್ಟೂ ಬೇಗ. ಹೆಣೆಯುವುದು ಮಾತ್ರ ಅವಳಿಗೆ ಒಲಿಯಲೇ ಇಲ್ಲ. ಅವಳು ಹೊಸೆದ ಹುರಿ ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿರುತ್ತಿತ್ತು.

ಮೊದಲು ಹೆಣ್ಣು ಹುಟ್ಟಿತು. ತಂದೆಯ ತಾಯಿಯ ಹೆಸರು ಇಡುವುದು ಪದ್ಧತಿ. ಹಾಗಾಗಿ ಅದು ಸ್ಯೊಮಿತಿಯೇ ಆಯಿತು. ಆಮೇಲಿನ ಗಂಡುಮಗು ಮುಲ್ವಾ. ಸತ್ತ ಗಂಡನ ಹೆಸರು ಹಿಡಿದು ಕೂಗಿ ಕರೆಯುವ ಭಾಗ್ಯ ಮತ್ತೆ ಬಂದಾಗ ಸ್ಯೊಮಿತಿ ಬೇಕೆಂದೇ ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಹುಡುಗಿ ಅವಳನ್ನು ಸುಸು ಎನ್ನುತ್ತಿತ್ತು, ನಮ್ಮಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ತನ್ನ ಹೆಸರಿನ ಕೂಸು ತನ್ನ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವಾಗ ಅವಳಿಗೆ ಆಗುತ್ತಿದ್ದ ಸುಖವನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತೆಂಬ ಭಯ.

ಹೀಗಿರುವಾಗ ವೋಟೆ ಪೇಟೆಯಿಂದ ಮಿಸೆಸ್ ಮುಲಿ ಬಂದಳು. ಸಮುದ್ರದಾಚೆಯ ದೇಶಗಳಲ್ಲಿ ಹಬ್ಬಕ್ಕೆ ಉಡುಗೊರೆ ಕೊಡುವವರು ಇದ್ದಾರಂತೆ. ಅಂಗಡಿಯ ಸಾಮಾನಿಗಿಂತ ಬಡ ಹೆಂಗಸರ ಕೈಯಲ್ಲಿ ಆದ ಸಾಮಾನು ಕೊಡುವುದು ಅವರಿಗೆ ಇಷ್ಟವಂತೆ. ಅಂಥವರಿಗಾಗಿ ಒಂದು ಸಂಘ, ಅದರ ಪರವಾಗಿ ಇಲ್ಲಿ ಓಡಾಡುವವಳು ಮಿಸೆಸ್ ಮುಲಿ. ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟುತ್ತಾರೆ. ಅದರಲ್ಲಿ ಹೆಣೆದವಳ ಮುಖ, ಹೆಸರು, ಅವಳ ಕಷ್ಟ ನಾಲ್ಕು ಸಾಲು. ಸ್ಯೊಮಿತಿಯ ಚೀಲ ಕೈಗೆತ್ತಿಕೊಂಡವಳು ಅದನ್ನು ಕೆಳಗಿಡಲಿಲ್ಲ.

"ಗಂಡ ಇದ್ದಾರಾ ಅಮ್ಮಾ?"

"ಹೋದ."

"ಮಕ್ಕಳು?"

"ಮಗ ಮುತಿಂದಾ. ಇವಳು ಅವನ ಹೆಂಡ್ತಿ ಕತುಂಗೆ. ಇವೆರಡು ಮೊಮ್ಮಕ್ಕಳು."

"ಮಗ ಎಲ್ಲಿ, ನೈರೋಬೀಲಾ?"

ಸುತ್ತ ಕೂತು ಹೆಣೆಯುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮಿಸೆಸ್ ಮುಲಿಯೂ ನಮ್ಮವಳೇ, ಅವಳಿಗೆ ತಕ್ಷಣ ಹೊಳೆಯಿತು. "ಓ, ಅಂಥ ಮನೆಯಾ" ಎಂದು ಪೆನ್ನು ಕೆಳಗಿಟ್ಟಳು. "ತಪ್ಪು ತಿಳೀಬೇಡಿ ಅಮ್ಮಾ. ನಮ್ಮಜ್ಜಿ ಕಡೇನೂ ಇಂಥ ಮನೆ ಒಂದಿತ್ತು. ಆದ್ರೆ ಚೀಲ ತಗೊಳ್ಳೋರು ಅಲ್ಲಿಯವರು. ಹುಟ್ಟದೇ ಇರೋ ಮಗನ ಹೆಂಡ್ತಿ ಅಂದ್ರೆ ಅವರಿಗೆ ನಾಲ್ಕು ಸಾಲಲ್ಲಿ ನಾನು ಏನಂತ ಅರ್ಥ ಮಾಡ್ಸಲಿ? ಒಂದ್ ಕೆಲ್ಸ ಮಾಡೋಣ. ಕತುಂಗೆ ಫೋಟೋ ಹಾಕೋಣ. ಎಳೇ ಮುಖ, ಮಡಿಲಲ್ಲಿ ಮಕ್ಕಳು. 'ಒಂಟಿ ತಾಯಿ ಕತುಂಗೆ ಈ ಚೀಲ ಹೆಣೆದು ಮಕ್ಕಳನ್ನು ಸಾಕುತ್ತಾಳೆ' ಅಂತ ಬರೀತೀನಿ."

"ಒಂಟಿ ಅಂದ್ರೆ?"

"ಮನೇಲಿ ಬೇರೆ ಯಾರೂ ಇಲ್ದೋಳು ಅಂತ."

"ಹಂಗಾದ್ರೆ ನಾನೇನು ಒಲೆಕಲ್ಲಾ?" ಎಂದಳು ಸ್ಯೊಮಿತಿ. ಮತ್ತೆ ನಗೆ. ಅವಳೂ ನಕ್ಕಳು, ನಗುತ್ತಲೇ ಒಪ್ಪಿದಳು.

ಮಿಸೆಸ್ ಮುಲಿ ಹೋದ ಮೇಲೆ ವಾಯುವಾ ಒಬ್ಬಳೇ ನಗು ನಿಲ್ಲಿಸಿ ಹೇಳಿದಳು: "ಇನ್ನೊಬ್ಬಳ ಮುಖ ಹೊತ್ಕೊಂಡು ಹೋದ ಚೀಲ ನಿನ್ನ ಮನೆ ದಾರಿ ಕೇಳ್ಕೊಂಡು ಬರುತ್ತದೇನೇ?"

"ಇನ್ನೊಬ್ಬಳು ಯಾರೇ? ನನ್ನ ಸೊಸೆ. ಸೊಸೆ ಕೈಗೆ ಬಂದಿದ್ದು ನನ್ನ ಅಂಗಳಕ್ಕೆ ಬಂದ ಹಂಗೇ."

ಕ್ಯಾಲೋನಿಯಲ್ಲಿ ಈ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಸೊಸೆಯ ಮುಖವೆಂದರೆ ಮನೆಯ ಮುಖ. ಅತ್ತೆ ದುಡಿದದ್ದೋ ಸೊಸೆ ದುಡಿದದ್ದೋ ಎಂದು ಒಂದೇ ಒಲೆಯ ಮುಂದೆ ಯಾರು ಲೆಕ್ಕ ಹಾಕುತ್ತಾರೆ? ಸ್ಯೊಮಿತಿ ಆ ತಿಳಿವಳಿಕೆಯನ್ನೇ ನಂಬಿದಳು. ಚೀಟಿ ಓದುವವರಿಗೆ ಆ ಒಲೆ ಕಾಣುವುದಿಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

ಚೀಲಗಳು ಹೋದವು. ಹಬ್ಬ ಕಳೆದ ಮೇಲೆ ಮಿಸೆಸ್ ಮುಲಿ ಬಾಡಿಗೆ ಬೈಕಿನ ಹಿಂದೆ ಕೂತು ಧೂಳೆಬ್ಬಿಸಿಕೊಂಡು ಬಂದಳು. ಇಂಗ್ರಿಡ್ ಎಂಬ ಹೆಂಗಸು ತಂಗಿಗೆ ಕೊಡಲು ಒಂದು ಚೀಲ ಕೊಂಡಳಂತೆ. ಚೀಟಿ ಓದಿ ಅತ್ತಳಂತೆ. ಕತುಂಗೆಯ ಮಗಳನ್ನು ಓದಿಸುವ ಭಾರ ತನ್ನದು, ಎಷ್ಟು ಓದುತ್ತಾಳೋ ಅಷ್ಟು ಎಂದಳಂತೆ. ವೋಟೆಯ ಒಳ್ಳೆಯ ಶಾಲೆಯಲ್ಲಿ ಸೀಟು, ಕತುಂಗೆಗೆ ಸಂಘದ ಅಂಗಡಿಯಲ್ಲೇ ಕೆಲಸ, ಇರಲು ಒಂದು ಕೋಣೆ.

ಸ್ಯೊಮಿತಿ ಆ ದಿನ ಕೋಳಿ ಕೊಯ್ದಳು. ಊರ ಬಾವಿಕಟ್ಟೆಯಲ್ಲಿ ನಿಂತು ತನ್ನ ಹೆಸರಿನವಳು ಇಂಗ್ಲಿಷು ಕಲಿಯುತ್ತಾಳೆಂದು ಬೇಡವೆಂದವರಿಗೂ ಹೇಳಿದಳು. ಹೊರಡುವ ಬೆಳಿಗ್ಗೆ ಹುಡುಗಿಯ ತಲೆ ಬಾಚುವಾಗ ಮಾತ್ರ ಅವಳ ಕೈ ನಿಧಾನವಾಯಿತು.

"ಅವ್ವಾ, ಅಲ್ಲಿ ಯಾರಾದ್ರೂ ಕೇಳಿದ್ರೆ ನಾನು ಏನನ್ಲಿ?" ಎಂದು ಕತುಂಗೆ ಕೇಳಿದಳು.

"ಏನನ್ನೋದು? ಮುತಿಂದಾನ ಹೆಂಡ್ತಿ, ಕ್ಯಾಲೋನಿ ಸ್ಯೊಮಿತಿ ಸೊಸೆ ಅನ್ನು."

ಕತುಂಗೆ ಏನೋ ಹೇಳಹೋಗಿ ಗಂಟು ಬಿಗಿಯುವುದರಲ್ಲಿ ಮಗ್ನಳಾದಳು. ಪೇಟೆಗೆ ಹೋಗುವ ಬಾಡಿಗೆ ವ್ಯಾನು, ಮಟಾಟು, ಬಂತು, ಮಕ್ಕಳನ್ನು ಕಿಟಕಿಯ ಹತ್ತಿರ ಕೂರಿಸಿದರು, ಹೊರಟಿತು.

ಮೊದಲ ರಜೆಗೆ ಬಂದರು. ಎರಡನೆಯದಕ್ಕೆ ಬರಲಿಲ್ಲ. ಪೇಟೆಯಲ್ಲಿ ಕೆಲಸವಂತೆ. ಸ್ಯೊಮಿತಿಗೆ ತಡೆಯಲಾಗಲಿಲ್ಲ. ಕುಟ್ಟಿದ ಜೋಳ, ತೊಗರಿಕಾಳು ಗಂಟು ಕಟ್ಟಿಕೊಂಡು ಒಂದು ಶನಿವಾರ ತಾನೇ ವೋಟೆಗೆ ಹೋದಳು. ಅಂಗಡಿಯೊಳಗೆ ಕಾಲಿಟ್ಟರೆ ಅಲ್ಲಿ ಜನ. ಚಾಪೆಯ ಮೇಲೆ ಕತುಂಗೆ ಕೂತಿದ್ದಾಳೆ, ತೊಡೆಯ ಮೇಲೆ ನಾರು, ಅದೇ ಉಬ್ಬು ಉಬ್ಬು ಹುರಿ. ಎದುರಿಗೆ ನರೆತ ಕೂದಲಿನ ಬಿಳಿ ಹೆಂಗಸೊಬ್ಬಳು ನೋಯುವ ಮೊಣಕಾಲು ಒತ್ತಿಕೊಳ್ಳುತ್ತಾ ನೆಲದ ಮೇಲೇ ಕೂತು ಕಣ್ಣರಳಿಸಿ ನೋಡುತ್ತಿದ್ದಾಳೆ. ಅವಳೇ ಇಂಗ್ರಿಡ್. ಹುಡುಗಿಯನ್ನು ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದಳು.

"ಸುಸು!" ಎಂದು ಹುಡುಗಿ ಓಡಿ ಬಂದು ಸ್ಯೊಮಿತಿಯ ಸೊಂಟ ತಬ್ಬಿತು.

ಯಾರಿವರು ಎಂದು ಇಂಗ್ರಿಡ್ ಕೇಳಿರಬೇಕು. ಮಿಸೆಸ್ ಮುಲಿ ಗಡಿಬಿಡಿಯಲ್ಲಿ ಏನೋ ಹೇಳಿ, ಕಾಂಬಾ ಮಾತಿನಲ್ಲಿ ಪಿಸುಗುಟ್ಟಿದಳು: "ಊರಿನ ಅಜ್ಜಿ ಅಂತ ಹೇಳಿದೀನಿ ಅಮ್ಮಾ. ಈಗ ಸುಮ್ನಿರಿ, ಆಮೇಲೆ ಮಾತಾಡೋಣ."

ಇಂಗ್ರಿಡ್ ಎದ್ದು ಬಂದು ಸ್ಯೊಮಿತಿಯ ಕೈ ಹಿಡಿದುಕೊಂಡಳು. ಕೆಟ್ಟ ಹೆಂಗಸಲ್ಲ, ಕಣ್ಣಲ್ಲಿ ನಿಜವಾದ ಪ್ರೀತಿ ಇತ್ತು. ತನ್ನ ಹೆಗಲ ಚೀಲ ತೆಗೆದು ತೋರಿಸಿದಳು. ಕತುಂಗೆಯತ್ತ ಬೆರಳು ಮಾಡಿ, ಇವಳೇ ಹೆಣೆದದ್ದು, ನೋಡಿ ಎಷ್ಟು ಚೆನ್ನಾಗಿದೆ ಎಂದಳು. ಸ್ಯೊಮಿತಿ ಚೀಲ ಮುಟ್ಟಿದಳು. ಆ ಅಂಚು ಕಟ್ಟಿದ ದಿನ ಹುಡುಗಿಗೆ ಜ್ವರ ಬಂದಿತ್ತು, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕಟ್ಟಿದ್ದು ನೆನಪಾಯಿತು. ಕತುಂಗೆ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅಂಥ ದೀನ ನೋಟವನ್ನು ಸ್ಯೊಮಿತಿ ಅವಳ ಮುಖದಲ್ಲಿ ಹೆರಿಗೆ ನೋವಿನಲ್ಲೂ ಕಂಡಿರಲಿಲ್ಲ.

"ಚೆನ್ನಾಗಿದೆ" ಎಂದಳು ಸ್ಯೊಮಿತಿ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಿಗೆ ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇಂಗ್ರಿಡ್ ಅವಳ ಹೆಸರು ಕೇಳಿದಳು. ಸ್ಯೊಮಿತಿ ಹೇಳಿದಳು. ಅರೆ, ಹುಡುಗಿಯ ಹೆಸರೂ ಅದೇ ಅಲ್ಲವೇ ಎಂದು ಇಂಗ್ರಿಡ್ ನಗುತ್ತಾ ಹುಡುಗಿಯತ್ತ ಬಗ್ಗಿದಳು. ಹುಡುಗಿ ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಕೈಕಟ್ಟಿ ನಿಂತು, ಸ್ಪಷ್ಟವಾಗಿ ಹೇಳಿತು: "ಇವರು ನನ್ನ ತಂದೆಯ ತಾಯಿ." ನಿನ್ನ ತಂದೆ ಎಲ್ಲಿ ಎಂದು ಮರುಪ್ರಶ್ನೆ ಬಂತು. "ನಮ್ಮ ತಂದೆ ಇನ್ನೂ ಬಂದಿಲ್ಲ" ಎಂದಿತು ಹುಡುಗಿ. ಮನೆಯಲ್ಲಿ ದಿನಾ ಕೇಳಿದ್ದನ್ನೇ ಅದು ಹೇಳಿದ್ದು.

ಇಂಗ್ರಿಡ್‌ಳ ನಗು ಹಾಗೇ ನಿಂತಿತು. ಅವಳು ಮಿಸೆಸ್ ಮುಲಿಯನ್ನು ನೋಡಿದಳು. ಮಿಸೆಸ್ ಮುಲಿ ಗೋಡೆಯ ಚೀಲಗಳನ್ನು ನೋಡಿದಳು.

ಅತಿಥಿಗಳು ಹೋದ ಮೇಲೆ ಕತುಂಗೆ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಬೈಬೇಡ ಅವ್ವಾ. ಗಂಡನ ಮನೆ ಇದೆ ಅಂದ್ರೆ ಮಗು ಸೀಟು ಹೋಗುತ್ತೆ. ಯಾರೂ ಇಲ್ದೋರಿಗೆ ಮಾತ್ರ ಅಂತೆ ಅದು."

"ಬೈಯೋಕೆ ನಂಗೇನು ಬಾಯಿದೆಯೇ? ಒಪ್ಪಿದೋಳು ನಾನೇ" ಎಂದಳು ಸ್ಯೊಮಿತಿ. ಆಮೇಲೆ ಮಿಸೆಸ್ ಮುಲಿಯತ್ತ ತಿರುಗಿ ಕೈಮುಗಿದಳು. ಯಾರ ಮುಂದೆಯೂ ತಲೆ ಬಾಗಿಸದ ಹೆಂಗಸು ಅವಳು. "ಚೀಟಿ ಬದಲಾಯ್ಸಮ್ಮಾ. ನನ್ನ ಮುಖ ಹಾಕು, ಇರೋದನ್ನ ಇದ್ದ ಹಂಗೆ ಬರಿ."

"ಈಗ ಬದಲಾಯ್ಸಿದ್ರೆ ಮೊದಲಿನದು ಸುಳ್ಳು ಅಂತಾಗುತ್ತೆ ಅಮ್ಮಾ. ಆ ಚೀಟಿ ಓದಿ ಕೊಂಡೋರು ಎಷ್ಟೋ ಜನ. ಒಬ್ಬರಿಗೆ ಅನುಮಾನ ಬಂದ್ರೆ ಕ್ಯಾಲೋನಿ ಹೆಂಗಸರ ಒಂದು ಚೀಲಾನೂ ಯಾರೂ ಕೊಳ್ಳಲ್ಲ. ವಾಯುವಾ, ಅವಳ ಮಕ್ಕಳು, ಎಲ್ಲರ ಹೊಟ್ಟೆ ಮೇಲೂ ಹೊಡೆದ ಹಾಗೆ."

ಹುಡುಗಿಯ ಬಾಯಿಗೆ ಬೀಗ ಹಾಕಲು ಬರುತ್ತಿರಲಿಲ್ಲ, ಅದು ಹೇಳಿದ್ದು ಸುಳ್ಳೂ ಅಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಚೀಲ ಕೊಂಡವಳದು ಒಳ್ಳೆಯ ಮನಸ್ಸು. ಮಾರಿಸಿದವಳದೂ ಒಳ್ಳೆಯ ಮನಸ್ಸು. ಎಲ್ಲರ ಒಳ್ಳೆಯ ಮನಸ್ಸೂ ಸೇರಿ ಸ್ಯೊಮಿತಿಯ ಮನೆಯ ಬಾಗಿಲಿಗೆ ಬಂದು ನಿಂತಿತ್ತು, ಹೋಗು ಎನ್ನುವ ಹಾಗಿರಲಿಲ್ಲ. ಕಾಳಿನ ಗಂಟು ಕೊಟ್ಟು ಅವಳು ಸಂಜೆಯ ಮಟಾಟು ಹತ್ತಿದಳು.

ಆಗಸ್ಟಿನಲ್ಲಿ ಶಾಲೆಗೆ ರಜೆ. ಈ ಸಲ ಬಂದೇ ಬರುತ್ತೇವೆಂದು ಕತುಂಗೆ ಫೋನಿನಲ್ಲಿ ಹೇಳಿದ್ದಳು. ಸ್ಯೊಮಿತಿ ಅಂಗಳ ಗುಡಿಸಿದಳು, ಜೋಳ ತೊಗರಿ ಬೇಯಲಿಟ್ಟಳು. ಹೊತ್ತು ಏರುವಾಗ ದಾರಿಯಲ್ಲಿ ಇಬ್ಬರು ಗಂಡಸರು ಕಂಡರು. ಒಬ್ಬ ಕತುಂಗೆಯ ಚಿಕ್ಕಪ್ಪ ಕಿಮೆಯು, ಇನ್ನೊಬ್ಬ ಅವನ ಊರಿನ ಹಿರಿಯ. ಇಬ್ಬರೂ ಹ್ಯಾಟು ಹಾಕಿದ್ದರು. ಕಿಮೆಯುವಿನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಮೇಕೆ.

ಸ್ಯೊಮಿತಿಯ ಕೈಯಿಂದ ಸೌಟು ಜಾರಿತು. ನಮ್ಮಲ್ಲಿ ಮದುವೆಯ ಮೇಕೆ ಹೋಗುವುದು ಗಂಡಿನ ಮನೆಯಿಂದ. ಹೆಣ್ಣಿನ ಮನೆಯವರು ಮೇಕೆ ಹಿಡಿದುಕೊಂಡು ಬಂದರೆ ಆ ಹೆಣ್ಣಿಗೆ ಈ ಮನೆ ಬೇಡವಾಗಿದೆ ಎಂದರ್ಥ. ಗಂಡಿನ ಮನೆಯವರು ಆ ಹಗ್ಗ ಹಿಡಿದರೆ ಮದುವೆ ಅಲ್ಲಿಗೆ ಮುರಿಯಿತು, ಮಕ್ಕಳೂ ತಾಯಿಯ ಕಡೆಗೆ ಹೋದವು.

"ಏನಪ್ಪಾ ಕಿಮೆಯು, ದಾರಿ ತಪ್ಪಿ ಬಂದ್ಯಾ?"

"ನನ್ನ ಮೇಲೆ ಕೋಪ ಮಾಡ್ಕೋಬೇಡ ಅಕ್ಕಾ" ಎಂದ ಕಿಮೆಯು, ಬೇಲಿಯ ಹೊರಗೇ ನಿಂತು. "ಆ ದೇಶದೋರು ಕಾಗದದ ಮೇಲೆ ಕಾಗದ ಹಾಕಿ ಕೇಳ್ತಾವ್ರಂತೆ. ಇವಳು ಒಂಟಿನೋ, ಇವಳಿಗೆ ಮನೆ ಅಂತ ಒಂದಿದೆಯೋ ಅಂತ. ಚೀಟೀಲಿ ಬರೆದಿದ್ದು ಸುಳ್ಳಾಗಬಾರದಂತೆ. ಸುಳ್ಳಾದ್ರೆ ಹುಡುಗಿ ಶಾಲೆ ನಿಲ್ಲುತ್ತೆ. ಅದಕ್ಕೇ ಅದನ್ನ ನಿಜ ಮಾಡಬೇಕು ಅಂತ ಬಂದ್ವಿ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನೀನು ಯಾವ ಬಾಯಲ್ಲಿ ಕೇಳೋಕೆ ಬಂದೆ?"

"ನಾನಲ್ಲ ಅಕ್ಕಾ. ಕತುಂಗೆನೇ ಕಳಿಸಿದ್ದು. ಅತ್ತೂ ಅತ್ತೂ ಕಳಿಸಿದ್ಲು."

ಸ್ಯೊಮಿತಿ ಬಿದ್ದ ಸೌಟು ಎತ್ತಿ ಮಣ್ಣು ಕೊಡವಿದಳು. ಆಮೇಲೆ ಅವಳ ಹಳೆಯ ನಾಲಗೆ ಎದ್ದಿತು. "ಗಂಡ ಹೆಂಡ್ತಿ ಬಿಡಿಸೋ ಮಾತು ನನ್ನ ಹತ್ರ ಯಾಕೆ? ನನ್ನ ಮಗ ಊರಲ್ಲಿಲ್ಲ. ಅವನು ಬಂದ ಮೇಲೆ ಬನ್ನಿ."

ಹಿರಿಯ ಕೆಮ್ಮಿದ. ಕಿಮೆಯು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರಿಗೂ ನಗು ಬರಲಿಲ್ಲ.

"ಮೈ ತುಂಬಿದ ಮೇಕೆ" ಎಂದಳು ಸ್ಯೊಮಿತಿ. "ನಿನ್ನ ಹಟ್ಟಿದಲ್ಲ. ಎಲ್ಲಿಂದ ತಂದೆ?"

"ಸಂಘದೋರು ಕೊಟ್ಟಿದ್ದು. ಚೀಲಗಳು ಚೆನ್ನಾಗಿ ಹೋದ್ವಲ್ಲ, ಆ ಲಾಭದಲ್ಲಿ ಹೆಣೆಯೋ ತಾಯಂದಿರಿಗೆ ಒಂದೊಂದು ಮೇಕೆ ಅಂತ. ಕತುಂಗೆಗೆ ಬಂದಿದ್ದು ಇದು."

"ಯಾರು ಹೆಣೆದ ಚೀಲ?"

ಕಿಮೆಯು ತನ್ನ ಚಪ್ಪಲಿ ನೋಡಿಕೊಂಡ. ಮೇಕೆಯನ್ನು ಬೇಲಿಯ ಗೂಟಕ್ಕೆ ಕಟ್ಟಿ, ಇಬ್ಬರೂ ದಾರಿಯಾಚೆಯ ಮರದ ನೆರಳಿಗೆ ಹೋಗಿ ಕೂತರು. ಹಗ್ಗ ಅವಳ ಕೈಗೆ ಹೋಗುವವರೆಗೆ ಅವರು ಅಲ್ಲಿಂದ ಏಳುವಂತಿಲ್ಲ. ಅವಳು ಮುಟ್ಟದಿದ್ದರೆ ಸಂಜೆ ಮೇಕೆ ಬಿಚ್ಚಿಕೊಂಡು ವಾಪಸು ಹೋಗಬೇಕು.

ಸ್ಯೊಮಿತಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಾರು ಹಿಡಿದು ಕೂತಳು. ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಮುಟ್ಟದಿದ್ದರೆ ಮನೆ ಉಳಿಯುತ್ತದೆ, ಮುತಿಂದಾ ಉಳಿಯುತ್ತಾನೆ, ಮುಲ್ವಾನ ಹೆಸರು ಉಳಿಯುತ್ತದೆ. ಹುಡುಗಿ ಪುಸ್ತಕ ಕಟ್ಟಿಟ್ಟು ಬಂದು ಪಕ್ಕದಲ್ಲಿ ಕೂತು ನಾರು ಹೊಸೆಯುತ್ತದೆ. ತನ್ನ ಹೆಸರಿನವಳ ಆ ಎಳೆಯ ತೊಡೆಯೂ ಗಟ್ಟಿಯಾಗುತ್ತದೆ. ಅದನ್ನು ನೆನೆದಾಗ ಅವಳ ಹುರಿ ಕೈಯಲ್ಲೇ ಬಿಚ್ಚಿಹೋಯಿತು.

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಗೂಟದ ಹತ್ತಿರ ನೆರಳಿರಲಿಲ್ಲ. ಮೇಕೆ ಮೊದಲು ಒಂದೆರಡು ಸಲ ಕೂಗಿತು, ಆಮೇಲೆ ಬಿಡದೆ ಕೂಗತೊಡಗಿತು, ಆಮೇಲೆ ಅದರ ದನಿ ಒಡೆಯಿತು. ಆ ಗಂಡಸರಿಬ್ಬರೂ ಏಳಲಿಲ್ಲ. ಸ್ಯೊಮಿತಿ ಕಿವಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಮೇಕೆ ಸಾಕಿದ ಹೆಂಗಸು, ಬಾಯಾರಿದ ಪ್ರಾಣಿಯ ಕೂಗು ಅವಳಿಗೆ ಕಿವಿಯಲ್ಲಿ ಮಾತ್ರ ಕೇಳಿಸುವುದಲ್ಲ. ಅವಳು ಎದ್ದು ಬೋಗುಣಿಗೆ ನೀರು ಬಗ್ಗಿಸಿಕೊಂಡು ಬೇಲಿಯ ಹತ್ತಿರ ಹೋದಳು. ಕುಡಿಯಲೆಂದು ಬೋಗುಣಿ ಮುಂದಿಟ್ಟಳು. ಹಗ್ಗ ಎಳೆದಾಟದಲ್ಲಿ ಗೂಟಕ್ಕೆ ಸುತ್ತಿ ಸುತ್ತಿ ಗಿಡ್ಡವಾಗಿತ್ತು, ಮೇಕೆಯ ಬಾಯಿ ನೀರಿಗೆ ಎಟುಕಲಿಲ್ಲ. ಸ್ಯೊಮಿತಿ ಗಂಟು ಬಿಚ್ಚಿ, ಸುತ್ತು ಬಿಡಿಸಿ, ಹಗ್ಗ ಸಡಿಲ ಮಾಡಿ ಹಿಡಿದುಕೊಂಡಳು.

ದಾರಿಯಾಚೆ ಇಬ್ಬರೂ ಎದ್ದರು. ಹಿರಿಯ ಬಟ್ಟೆಯ ಧೂಳು ಕೊಡವಿಕೊಂಡ. ಕಿಮೆಯು ಅವಳ ಕಡೆ ನೋಡದೆ ಹ್ಯಾಟು ಹಾಕಿಕೊಂಡ. ಅವರು ಹೊಳೆಯ ದಾರಿ ಹಿಡಿದರು.

"ನಿಲ್ಲಿ, ನಾನು ನೀರು ಕೊಟ್ಟಿದ್ದು ಅಷ್ಟೇ!" ಎಂದು ಸ್ಯೊಮಿತಿ ಕೂಗಿದಳು. ಅವರು ತಿರುಗಲಿಲ್ಲ. ಅವಳು ಹಗ್ಗವನ್ನು ಕೈಯಿಂದ ಕೆಳಗೆ ಬಿಟ್ಟು ಮನೆಯ ಕಡೆ ನಡೆದಳು. ಮೇಕೆ ಬೋಗುಣಿಯ ನೀರು ಮುಗಿಸಿ, ಹಗ್ಗ ಎಳೆದುಕೊಂಡು, ಅವಳ ಹಿಂದೆಯೇ ಅಂಗಳಕ್ಕೆ ಬಂತು.